ಸುಟ್ಟಿದೆ ಎನ್ನುವ ಮುನ್ನ

ದಿನದ ಕೊನೆಗೆ ರೋಜಕೀರ್ದಿಯ ಶಿಲ್ಕಿಗೂ ಗಲ್ಲಾಪೆಟ್ಟಿಗೆಯ ರೊಕ್ಕಕ್ಕೂ ತಾಳೆ ಬೀಳದಿದ್ದರೆ ವ್ಯಾಪಾರಸ್ಥನಿಗೆ ನಿದ್ದೆ ಬರುವುದಿಲ್ಲ. ಇದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಆದರೆ ತಾಳೆ ಬೀಳದಾಗ ಕಣ್ಣು ಮೊದಲು ಎತ್ತ ಹೋಗುತ್ತದೆ ಎಂಬುದನ್ನು ನೋಡಿದರೆ ಮನುಷ್ಯರಲ್ಲಿ ಎರಡು ಬಗೆ. ಕೆಲವರ ಕಣ್ಣು ಅಂಗಡಿಯಲ್ಲಿ ನಿಂತವರ ಮುಖದ ಮೇಲೆ ಹೋಗುತ್ತದೆ, ಕೆಲವರ ಕಣ್ಣು ವಹಿಯ ಮೇಲೆ. ಇಷ್ಟು ವರ್ಷ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿದ್ದು ಏನೆಂದರೆ, ಕೆಟ್ಟ ಯಂತ್ರದ ಮುಂದೆ ಕುಳಿತವರಲ್ಲೂ ಇದೇ ಎರಡು ಬಗೆ ಇದೆ.

ನಮ್ಮದು ಅಕ್ಕಲಕೋಟೆಯಲ್ಲಿ ಅಡತಿ ಅಂಗಡಿ. ತೊಗರಿ, ಕಡಲೆ, ಜೋಳದ ವ್ಯವಹಾರ. ತೀರ್ಥರೂಪರ ನಂತರ ಅಣ್ಣ ಅದನ್ನು ನಡೆಸಿಕೊಂಡು ಬಂದಿದ್ದಾನೆ. ನಾನು ಮಾತ್ರ ಬೇರೆ ದಾರಿ ಹಿಡಿದು, ಸೊಲ್ಲಾಪುರದಲ್ಲಿ ಒಂದು ಸಣ್ಣ ಕಾರ್ಯಾಗಾರ ಇಟ್ಟುಕೊಂಡು ಟವೆಲು ನೇಯುವ ಮಗ್ಗಗಳಿಗೆ ಎಣಿಕೆ ಮೀಟರುಗಳನ್ನು ಮಾಡಿಕೊಡುತ್ತೇನೆ. ಮದುವೆ ಮನೆಗಳಲ್ಲಿ ಹಿರಿಯರು, "ಅದರೊಳಗ ಏನಿರ್ತದಪ್ಪಾ?" ಎಂದು ಕೇಳುವುದುಂಟು. ಒಳಗಿರುವುದು ಮೈಕ್ರೋಕಂಟ್ರೋಲರ್. ಉಗುರಿನಗಲದ ಒಂದು ಕರಿಯ ಚಿಪ್ಪು. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನವರೊಡನೆ ವ್ಯವಹರಿಸುವ ಕಾಲುಗಳು ಎಲ್ಲವೂ ಅದರಲ್ಲೇ. ನಿಮ್ಮ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಮನೆಯ ಬಟ್ಟೆ ಒಗೆಯುವ ಯಂತ್ರದಲ್ಲಿ ಇಂಥದೇ ಒಂದು ಕುಳಿತಿದೆ. ಅದರ ಕಾಲುಗಳಿಗೆ ಸುಲಭವಾಗಿ ತಂತಿ ಸಿಕ್ಕಿಸುವಂತೆ ಹಲಗೆಯ ಮೇಲೆ ಕೂರಿಸಿ ಮಾರುತ್ತಾರೆ. ಅದೇ ಡೆವಲಪ್‌ಮೆಂಟ್ ಬೋರ್ಡ್. ಇಂಜಿನಿಯರಿಂಗ್ ಓದುವ ಮಕ್ಕಳ ಚೀಲದಲ್ಲಿ ಈಗ ಇದು ಸಾಮಾನ್ಯ.

ಈ ಚಿಪ್ಪಿನೊಳಗೆ ಕಾರ್ಯಕ್ರಮವನ್ನು ತುಂಬುವುದಕ್ಕೂ, ಅದು ಎಲ್ಲಿ ಎಡವಿತೆಂದು ನಡುವೆ ನಿಲ್ಲಿಸಿ ಕೇಳುವುದಕ್ಕೂ ಒಂದು ಪುಟ್ಟ ಉಪಕರಣ ಬೇಕು. ಅದು ಡಿಬಗ್ಗರ್. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಬೋರ್ಡಿಗೆ. ಒಳಗಿನ ವಹಿಯನ್ನು ಬಿಚ್ಚಿ ತೋರಿಸುವ ದಿವಾಣಜಿ ಎಂದರೂ ಸರಿಯೇ. ಹೆಸರಿನ ಅರ್ಥ 'ಹುಳ ತೆಗೆಯುವುದು'. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನ ಮಾರ್ಕ್ 2 ಎಂಬ ದೊಡ್ಡ ಗಣಕಯಂತ್ರದ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿದ್ದಿತ್ತು. ಅದನ್ನು ತೆಗೆದು ಯಂತ್ರದ ದಿನಚರಿ ಪುಸ್ತಕದಲ್ಲಿ ಅಂಟಿಸಿಟ್ಟರು. ಆ ಪುಟ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ದೋಷಕ್ಕೆ 'ಬಗ್' ಎನ್ನುವ ರೂಢಿ ಅದಕ್ಕೂ ಹಳೆಯದು. ಎಡಿಸನ್ 1878ರಲ್ಲಿಯೇ ಒಂದು ಪತ್ರದಲ್ಲಿ ಆ ಮಾತು ಬಳಸಿದ್ದಾನೆ. ಕಾಳಿನ ಹುಳವನ್ನು ಕೊಲ್ಲದೆ ಮೆಲ್ಲನೆ ಆರಿಸಿ ಹೊರಗೆ ಬಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಈ ಕೆಲಸಕ್ಕೂ ಅಷ್ಟೇ ತಾಳ್ಮೆ ಬೇಕು.

2024ರ ಮಾರ್ಚ್ ತಿಂಗಳ ಒಂದು ಶುಕ್ರವಾರ ಅಣ್ಣನ ಮಗ ಮುಖ ಸಣ್ಣದು ಮಾಡಿಕೊಂಡು ನನ್ನ ಕಾರ್ಯಾಗಾರಕ್ಕೆ ಬಂದ. ಕೊನೆಯ ವರ್ಷದ ಓದು. ನಮ್ಮ ಗೋದಾಮಿನಲ್ಲಿ ತೊಗರಿಯ ಚೀಲಗಳಿಗೆ ಥಂಡಿ ತಗಲುವ ಮೊದಲೇ ಎಚ್ಚರಿಸುವ ಒಂದು ಯಂತ್ರವನ್ನು ಅವನು ಪ್ರಾಜೆಕ್ಟಾಗಿ ಆರಿಸಿಕೊಂಡಿದ್ದ. ಸೋಮವಾರ ಕಾಲೇಜಿನಲ್ಲಿ ತೋರಿಸಬೇಕಿತ್ತು. ಮೇಜಿನ ಮೇಲೆ ಮೂರು ಬೋರ್ಡು ಇಟ್ಟ. 'ಬ್ಲೂ ಪಿಲ್' ಎಂದು ಕರೆಯುವ ನೀಲಿ ಹಲಗೆ, ಎಸ್‌ಟಿಎಂ32ಎಫ್103 ಚಿಪ್ಪು.

"ಕಾಕಾ, ಮೂರೂ ಸುಟ್ಟಾವ್ರಿ" ಎಂದ.

"ಸುಟ್ಟಾವಂತ ಯಾರು ಹೇಳಿದ್ರು?"

"ಕಂಪ್ಯೂಟರ್ ಹೇಳ್ತದ್ರಿ."

"ಕಂಪ್ಯೂಟರ್ 'ಸಿಗವಲ್ದು' ಅಂತ ಹೇಳ್ಯದ. 'ಸುಟ್ಟದ' ಅಂತ ಹೇಳಿಲ್ಲ."

ಅವನಿಗೆ ಈ ವ್ಯತ್ಯಾಸ ಹಿಡಿಸಲಿಲ್ಲ. ಮಾರಿದ ಅಂಗಡಿಯವನು ಕಳಪೆ ಮಾಲು ಕೊಟ್ಟು ಮೋಸ ಮಾಡಿದ್ದಾನೆಂದು ನಂಬಿಬಿಟ್ಟಿದ್ದ. ಅವನಿಗೆ ಕಳಿಸಲು ಒಂದು ಖಾರವಾದ ಸಂದೇಶವನ್ನು ಮೊಬೈಲಿನಲ್ಲಿ ಬರೆದೂ ಇಟ್ಟಿದ್ದ. ಅತ್ತ ಅಣ್ಣ ಫೋನಿನಲ್ಲಿ ಹೇಳಿದ್ದು ಇನ್ನೂ ಭಾರವಾದ ಮಾತು: "ಮೂರು ಸುಟ್ಟ ಅಂದ್ರ ಇದು ಅವನ ಕೈಯಾಗಿನ ಕೆಲಸ ಅಲ್ಲ. ಪರೀಕ್ಷಾ ಮುಗಿದ ಮ್ಯಾಲೆ ಅಂಗಡ್ಯಾಗ ಕೂಡಲಿ." ಮೂರು ಬೋರ್ಡಿನ ಬೆಲೆ ಸಾವಿರ ರೂಪಾಯಿ ಇರಲಿಕ್ಕಿಲ್ಲ. ಆದರೆ ಹುಡುಗನ ಮೇಲಿನ ಭರವಸೆ ಮತ್ತು ಕಾಣದ ವ್ಯಾಪಾರಿಯೊಬ್ಬನ ಹೆಸರು, ಎರಡೂ ಆ ಮೇಜಿನ ಮೇಲೆ ಬಂದು ಕುಳಿತಿದ್ದವು.

ನನಗೆ ಆಗ ತೀರ್ಥರೂಪರ ನೆನಪಾಯಿತು. 1991ರ ದೀಪಾವಳಿಯ ಹೊತ್ತಿಗೆ ಲೆಕ್ಕ ಮುಗಿಸುವಾಗ ಗಲ್ಲೆಯಲ್ಲಿ 270 ರೂಪಾಯಿ ಕಡಿಮೆ ಬಿತ್ತು. ಆಗ ಅದು ಸಣ್ಣ ಮೊತ್ತವಲ್ಲ. ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ ಹುಡುಗನ ಕಡೆಗೆ ಒಬ್ಬಿಬ್ಬರು ನೋಡಿದ್ದೂ ಆಯಿತು. ಅಪ್ಪ ತಲೆ ಎತ್ತಲಿಲ್ಲ. "ಕಡಿಮೆ ಬಿದ್ದದ್ದು ಒಂಬತ್ತರಿಂದ ಭಾಗ ಹೋಗ್ತದೇನು ನೋಡ್ರಿ" ಎಂದರು. ಹೋಗುತ್ತಿತ್ತು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಚೀಟಿಗಳನ್ನು ತಿರುವಿದಾಗ ಲಾರಿ ಬಾಡಿಗೆ ಕೊಟ್ಟದ್ದು 4,630, ಕೀರ್ದಿಗೆ ಇಳಿದದ್ದು 4,360. ಆ ಹುಡುಗ ಮುಂದೆ ಇಪ್ಪತ್ತು ವರ್ಷ ನಮ್ಮಲ್ಲೇ ದುಡಿದ.

"ಸಂದೇಶ ಇರಲಿ, ನಾಳೆ ಕಳಸೋಣ. ಈಗ ಒಂದು ವಹಿ ತಗೊ" ಎಂದು ಅಣ್ಣನ ಮಗನಿಗೆ ಹೇಳಿದೆ.

ಮೊದಲು ಕೇಳಬೇಕಾದದ್ದು, ಮಾತು ಎಲ್ಲಿ ನಿಂತಿದೆ ಎಂದು. ಸೊಲ್ಲಾಪುರದಿಂದ ಹೊರಟ ಮಾಲು ಅಂಗಡಿಗೆ ಮುಟ್ಟದಿದ್ದರೆ ಟ್ರಾನ್ಸ್‌ಪೋರ್ಟ್ ಆಫೀಸಿಗಾದರೂ ಬಂದಿದೆಯೇ ಎಂದು ವಿಚಾರಿಸುತ್ತೇವಲ್ಲ, ಹಾಗೆ. 'ಡಿಬಗ್ಗರ್ ಸಿಗಲಿಲ್ಲ' ಎಂದು ಪರದೆ ಹೇಳಿದರೆ ದೋಷ ಕಂಪ್ಯೂಟರ್ ಮತ್ತು ಡಿಬಗ್ಗರ್ ನಡುವೆ. ಕೇಬಲ್, ಡ್ರೈವರ್ ತಂತ್ರಾಂಶ, ಇಲ್ಲವೇ ಡಿಬಗ್ಗರನ್ನು ಹಿಡಿದುಕೊಂಡು ಕುಳಿತ ಇನ್ನೊಂದು ಪ್ರೋಗ್ರಾಮ್. 'ಟಾರ್ಗೆಟ್ ಸಿಗಲಿಲ್ಲ' ಎಂದರೆ ಡಿಬಗ್ಗರ್ ತನಕ ಎಲ್ಲ ಸರಿ, ಅಲ್ಲಿಂದ ಚಿಪ್ಪಿನ ತನಕ ಎಲ್ಲೋ ತಡೆ. ಅವನ ಪರದೆಯಲ್ಲಿದ್ದದ್ದು ಎರಡನೆಯದು. ಒಂದೇ ಪ್ರಶ್ನೆಗೆ ಅರ್ಧ ದಾರಿ ನಿರ್ದೋಷಿ ಎಂದಾಯಿತು.

ಈ ಚಿಪ್ಪಿನೊಡನೆ ಮಾತಾಡಲು ಎರಡು ಬಾಗಿಲುಗಳಿವೆ. ಹಳೆಯದು ಜೆಟ್ಯಾಗ್, 1990ರಲ್ಲಿ ಅಂತರರಾಷ್ಟ್ರೀಯ ಮಾನಕವಾದದ್ದು. ಅದಕ್ಕೆ ನಾಲ್ಕೈದು ತಂತಿ ಬೇಕು. ಇನ್ನೊಂದು ಸೀರಿಯಲ್ ವೈರ್, ಇದಕ್ಕೆ ಎರಡು ತಂತಿ ಸಾಕು: ಮಾತು ಹೋಗಿಬರಲು ಎಸ್‌ಡಬ್ಲ್ಯುಡಿಐಒ, ತಾಳ ಹಾಕಲು ಎಸ್‌ಡಬ್ಲ್ಯುಸಿಎಲ್‌ಕೆ. ಜೊತೆಗೆ ಗ್ರೌಂಡ್ ತಂತಿ ಇರಲೇಬೇಕು. ಇಬ್ಬರಿಗೂ ಒಂದೇ ನೆಲವಿಲ್ಲದಿದ್ದರೆ ಮಾತು ಮಾತಾಗುವುದಿಲ್ಲ. ಒಂದೇ ಬಟ್ಟನ್ನು ಇಟ್ಟುಕೊಳ್ಳದ ಎರಡು ತಕ್ಕಡಿಗಳ ಹಾಗೆ.

ಮಲ್ಟಿಮೀಟರ್ ಹಿಡಿದು ನೋಡಿದೆವು. ಬೋರ್ಡಿನಲ್ಲಿ 3.3 ವೋಲ್ಟ್ ಸರಿಯಾಗಿತ್ತು. ವಹಿಯಲ್ಲಿ ಬರೆದ. ನನ್ನ ಕಪಾಟಿನಲ್ಲಿ ಅದೇ ಜಾತಿಯ ಒಂದು ಬೋರ್ಡಿತ್ತು. ಅವನದೇ ಕೇಬಲ್, ಅವನದೇ ಡಿಬಗ್ಗರ್, ಅವನದೇ ತಂತಿಗಳನ್ನು ಅದಕ್ಕೆ ಹಚ್ಚಿದೆವು. ಕೂಡಲೇ ಚಿಪ್ಪು ತನ್ನ ಗುರುತಿನ ಸಂಖ್ಯೆ ಹೇಳಿತು. ಅಂದರೆ ಕೇಬಲ್, ಡಿಬಗ್ಗರ್, ತಂತಿ ಮೂರೂ ನಿರ್ದೋಷಿಗಳು. ಅದನ್ನೂ ಬರೆದ.

"ಈಗ ಹೇಳು, ಈ ಮೂರಕ್ಕೂ ಪ್ರೋಗ್ರಾಮ್ ಹೋಗೇ ಇಲ್ಲೇನು?"

"ಹೋಗ್ಯದ್ರಿ. ಮೂರಕ್ಕೂ ಮೊದಲ್ನೇ ಸಲ ಹೋಗ್ಯದ. ಎರಡನೇ ಸಲ ಹೋಗವಲ್ದು."

"ಬೋರ್ಡಿನ ಮ್ಯಾಲಿನ ದೀಪ?"

ದೀಪ ಅವನು ಬರೆದಂತೆಯೇ ಮಿನುಗುತ್ತಿತ್ತು. ಸುಟ್ಟ ಚಿಪ್ಪು ದೀಪ ಮಿನುಗಿಸುವುದಿಲ್ಲ. ಅದು ಬದುಕಿತ್ತು, ಹೇಳಿದ ಕೆಲಸ ಮಾಡುತ್ತಿತ್ತು, ಆದರೆ ಮಾತು ಬಿಟ್ಟಿತ್ತು. ಮೂರಕ್ಕೂ ಸಮಾನವಾದದ್ದು ಈಗ ಒಂದೇ ಉಳಿಯಿತು, ಅವನ ಪ್ರೋಗ್ರಾಮ್.

"ಹಂಗಾದ್ರ ಅದನ್ನ ನನ್ನ ಬೋರ್ಡಿಗೂ ಹಾಕು" ಎಂದೆ. "ಬ್ಯಾಡ್ರಿ ಕಾಕಾ, ಅದೂ ಹೋಗ್ತದ" ಎಂದು ಕೈ ಹಿಂದೆಗೆದ. ನಾನೇ ಹಾಕಿಸಿದೆ. ಮೊದಲ ಸಲ ಸರಾಗವಾಗಿ ಹೋಯಿತು. ಎರಡನೆಯ ಸಲ ಒತ್ತಿದರೆ 'ಟಾರ್ಗೆಟ್ ಸಿಗಲಿಲ್ಲ'. ಹುಡುಗ ನನ್ನ ಮುಖ ನೋಡಿದ. ಹತ್ತಾರು ಸಲ ನಾನೇ ಬಳಸಿದ ಬೋರ್ಡು ಅದು. ಮಾರಿದ ವ್ಯಾಪಾರಿ ಆ ಕ್ಷಣಕ್ಕೆ ಖುಲಾಸೆಯಾದ.

ಕಾರಣ ಹೀಗೆ. ಆ ಎರಡು ತಂತಿಗಳು ಕೂಡುವ ಪಿಎ13, ಪಿಎ14 ಎಂಬ ಕಾಲುಗಳು ಚಿಪ್ಪು ಎದ್ದ ಕ್ಷಣದಲ್ಲಿ ಡಿಬಗ್ಗರಿಗೆ ಮೀಸಲು. ಆದರೆ ಪ್ರೋಗ್ರಾಮ್ ಮನಸ್ಸು ಮಾಡಿದರೆ ಆ ಬಾಗಿಲನ್ನು ಮುಚ್ಚಿ ಕಾಲುಗಳನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಅವನು ಬಳಸಿದ ತಂತ್ರಾಂಶದಲ್ಲಿ ಡಿಬಗ್ ಎಂಬ ಆಯ್ಕೆ 'ನೋ ಡಿಬಗ್' ಎಂದೇ ಉಳಿದಿತ್ತು. ಅದರಂತೆ ತಂತ್ರಾಂಶ ಬಾಗಿಲು ಮುಚ್ಚುವ ಒಂದು ಸಾಲನ್ನು ತಾನೇ ಬರೆದಿಟ್ಟಿತ್ತು. ಸೆಕೆಂಡಿಗೆ 7 ಕೋಟಿ 20 ಲಕ್ಷ ಮಿಡಿತದವರೆಗೆ ಓಡಬಲ್ಲ ಚಿಪ್ಪು ಅದು. ಎದ್ದು ಕಣ್ಣುಜ್ಜುವ ಮೊದಲೇ ಅಗಳಿ ಹಾಕಿಕೊಳ್ಳುತ್ತಿತ್ತು. ಡಿಬಗ್ಗರ್ ಬಂದು ಬಾಗಿಲು ತಟ್ಟುವ ಹೊತ್ತಿಗೆ ಉತ್ತರವಿಲ್ಲ.

ಬಿಡಿಸುವ ದಾರಿಯೂ ಬೋರ್ಡಿನ ಮೇಲೆಯೇ ಇದೆ. ಬೂಟ್0 ಎಂಬ ಹಳದಿ ಟೋಪಿಯನ್ನು 0 ಇದ್ದಲ್ಲಿಂದ ಕಿತ್ತು 1ಕ್ಕೆ ಇಟ್ಟು, ಬೂಟ್1 ಅನ್ನು 0ದಲ್ಲೇ ಬಿಟ್ಟು, ರೀಸೆಟ್ ಒತ್ತಬೇಕು. ಆಗ ಚಿಪ್ಪು ನಾವು ತುಂಬಿದ ಪ್ರೋಗ್ರಾಮನ್ನು ಬಿಟ್ಟು, ಕಾರ್ಖಾನೆಯಲ್ಲೇ ಒಳಗಿಟ್ಟ ಚಿಕ್ಕ ಪ್ರೋಗ್ರಾಮಿನಿಂದ ಏಳುತ್ತದೆ. ಅಗಳಿ ಹಾಕುವ ಸಾಲು ಓಡುವುದೇ ಇಲ್ಲ. ಡಿಬಗ್ಗರ್ ಒಳಗೆ ಹೋಗಿ ಹಳೆಯದನ್ನು ಅಳಿಸುತ್ತದೆ. ಟೋಪಿಯನ್ನು ಮತ್ತೆ 0ಗೆ ತರಬೇಕು. ಇನ್ನೊಂದು ಉಪಾಯ, ರೀಸೆಟ್ ಗುಂಡಿ ಒತ್ತಿ ಹಿಡಿದು, ಕಂಪ್ಯೂಟರಿನಲ್ಲಿ 'ಕನೆಕ್ಟ್' ಒತ್ತಿದ ಕೂಡಲೇ ಗುಂಡಿ ಬಿಡುವುದು. ಡಿಬಗ್ಗರಿನ ರೀಸೆಟ್ ತಂತಿಯನ್ನು ಬೋರ್ಡಿನ 'ಆರ್' ಕಾಲಿಗೆ ಕೂಡಿಸಿ 'ರೀಸೆಟ್ಟಿನಲ್ಲಿ ಕನೆಕ್ಟ್' ಆಯ್ಕೆ ಮಾಡಿದರೆ ಅದೇ ಕೆಲಸ ತಾನಾಗಿ ಆಗುತ್ತದೆ.

ನಾಲ್ಕು ಬೋರ್ಡೂ ಒಂದೊಂದಾಗಿ ಮಾತಾಡಿದವು. ಆಯ್ಕೆಯನ್ನು 'ಸೀರಿಯಲ್ ವೈರ್' ಎಂದು ಬದಲಿಸಿ ಪ್ರೋಗ್ರಾಮ್ ಹಾಕಿದ ಮೇಲೆ ಎರಡನೆಯ ಸಲ, ಮೂರನೆಯ ಸಲ, ಹತ್ತನೆಯ ಸಲವೂ ಹೋಯಿತು. ಹುಡುಗ ಮೊಬೈಲ್ ತೆಗೆದು ಆ ಸಂದೇಶವನ್ನು ನನ್ನೆದುರಿಗೇ ಅಳಿಸಿದ. ನಾನು ಹೇಳಿರಲಿಲ್ಲ. ಆ ದಿನದ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅದೇ.

ನಮ್ಮ ಓದುಗರ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ. ಅವರಿಗಾಗಿ ಆ ವಹಿಯ ಇನ್ನು ಕೆಲವು ಸಾಲುಗಳು. ಮೊಬೈಲ್ ಚಾರ್ಜಿಗೆ ಮಾತ್ರ ಬರುವ ಕೇಬಲುಗಳಿರುತ್ತವೆ. ದೀಪ ಹತ್ತುತ್ತದೆ, ಮಾತು ಹೋಗುವುದಿಲ್ಲ. ಅಗ್ಗದ ಡಿಬಗ್ಗರುಗಳಲ್ಲಿ ಕಾಲುಗಳ ಸಾಲು ಒಂದರಂತೆ ಇನ್ನೊಂದಿರುವುದಿಲ್ಲ. ಚಿತ್ರ ನಂಬದೆ, ಕೈಯಲ್ಲಿರುವುದರ ಮೈಮೇಲೆ ಅಚ್ಚಾದದ್ದನ್ನು ಓದಿ ತಂತಿ ಹಚ್ಚಬೇಕು. ತಂತಿ ಗೇಣುದ್ದ ಮೀರದಿರಲಿ, ಉದ್ದವಾದರೆ ಡಿಬಗ್ಗರಿನ ವೇಗ ಇಳಿಸಿ ನೋಡಿ. ಚಿಪ್ಪನ್ನು ಗಾಢ ನಿದ್ದೆಗೆ ಕಳಿಸುವ ಪ್ರೋಗ್ರಾಮ್ ಇದ್ದರೂ ಉತ್ತರ ಬರುವುದಿಲ್ಲ. ಅದಕ್ಕೂ ಮೇಲಿನ ರೀಸೆಟ್ ಉಪಾಯವೇ ಮದ್ದು. ಗುರುತಿನ ಸಂಖ್ಯೆ ಸಿಕ್ಕು, ಒಳಗಿನದನ್ನು ಓದಲು ಮಾತ್ರ ಬಿಡದಿದ್ದರೆ ಓದು-ರಕ್ಷಣೆ ಇರಬಹುದು. ಅದನ್ನು ತೆಗೆದರೆ ಒಳಗಿನದೆಲ್ಲ ಅಳಿದುಹೋಗುತ್ತದೆಂಬ ಎಚ್ಚರವಿರಲಿ. ಎಲ್ಲಕ್ಕಿಂತ ಮುಖ್ಯ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಸರಿಯಾದರೂ ಏಕೆ ಸರಿಯಾಯಿತೆಂದು ತಿಳಿಯುವುದಿಲ್ಲ.

ಹಿರಿಯರಿಗೂ ಒಂದು ವಿನಂತಿ. ಮಗುವಿನ ಕೈಯಲ್ಲಿ ಒಂದು ವಸ್ತು ಕೆಲಸ ಮಾಡದಿದ್ದಾಗ 'ಇದು ನಿನ್ನಿಂದ ಆಗದು' ಎಂಬ ಮಾತು ಬಾಯಿಗೆ ಬೇಗ ಬರುತ್ತದೆ. 'ಎಲ್ಲಿ ತನಕ ಸರಿಯಿದೆ?' ಎಂದು ಕೇಳಿ ನೋಡಿ. ಆ ಪ್ರಶ್ನೆ ಕೇಳಲು ಇಂಜಿನಿಯರ್ ಆಗಿರಬೇಕಿಲ್ಲ, ಲೆಕ್ಕ ಬಲ್ಲ ವ್ಯಾಪಾರಸ್ಥನಾಗಿದ್ದರೆ ಸಾಕು. ಅಣ್ಣ ಈಗ ಅದನ್ನೇ ಕೇಳುತ್ತಾನೆ. ಆ ಎಚ್ಚರಿಕೆಯ ಯಂತ್ರ ಅಕ್ಕಲಕೋಟೆಯ ನಮ್ಮ ಗೋದಾಮಿನ ಗೋಡೆಯ ಮೇಲಿದೆ. 2024ರ ಮಳೆಗಾಲದಲ್ಲಿ ಒಂದು ರಾತ್ರಿ ಅದು ಕೂಗಿದಾಗ, ತಗಡಿನ ಸಂದಿಯಿಂದ ನೀರು ಇಳಿಯುತ್ತಿದ್ದ ಮೂಲೆಯ ಚೀಲಗಳನ್ನು ಅಪ್ಪ-ಮಗ ಇಬ್ಬರೂ ಕೂಡಿ ಸರಿಸಿದರಂತೆ.