ಇಪ್ಪತ್ತು ನಿಮಿಷ ಕಾಲು ಎತ್ತಬೇಡಿ

ನಿಮ್ಮ ಎಡಗೈ ಹೆಬ್ಬೆರಳು ಒಂದನೇ ಸಿಲಿಂಡರಿನ ಪ್ಲಗ್ ತೂತನ್ನು ಮುಚ್ಚಿಕೊಂಡಿದೆ. ಕಬ್ಬಿಣ ತಣ್ಣಗೆ ಕೊರೆಯುತ್ತಿದೆ. ಅಕ್ಟೋಬರ್ ಸಂಜೆ. ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆದ್ದಿರುವುದರಿಂದ ಮಿಶಿಗನ್ನಿನ ಗಾಳಿ ನೇರವಾಗಿ ಬೆನ್ನಿಗೇ ಹೊಡೆಯುತ್ತಿದೆ. ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ ದೊಡ್ಡಪ್ಪ ಉದ್ದ ಹಿಡಿಯ ಪಾನಾ ಸಿಕ್ಕಿಸಿ ಕ್ರ್ಯಾಂಕನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ.

"ಏನರ ತಿಳೀತೇನು?"

"ಇನ್ನೂ ಇಲ್ಲ, ದೊಡ್ಡಪ್ಪ."

ಪಿಸ್ಟನ್ ಒಂದು ಸುತ್ತಿನ ಕೆಲಸದಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗಾಳಿಯನ್ನು ಅದುಮುತ್ತ, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರಗೆ ದಬ್ಬುತ್ತ. ಮುಂದಿನ ಪುಲ್ಲಿಯ ಮೇಲಿರುವ ಗುರುತು ಎರಡು ಸಲವೂ ಸೊನ್ನೆಯನ್ನೇ ತೋರಿಸುತ್ತದೆ. ಯಾವುದು ಯಾವುದೆಂದು ಹೇಳಬಲ್ಲದ್ದು ನಿಮ್ಮ ಬೆರಳು ಮಾತ್ರ. ತಪ್ಪಿದರೆ ಕಿಡಿ ತಲೆಕೆಳಗಾದ ಹೊತ್ತಿಗೆ ಹಾರಿ, ಬೆಂಕಿ ಕಾರ್ಬೊರೇಟರಿನ ಬಾಯಿಂದ ಮೇಲಕ್ಕೆ ಚಿಮ್ಮುತ್ತದೆ. ಆ ಬಾಯಿ ಈಗ ನಿಮ್ಮ ಗಲ್ಲದಿಂದ ಒಂದು ಗೇಣು ದೂರದಲ್ಲಿದೆ.

ಪಾನಾ ಮತ್ತೆ ಅಲುಗುತ್ತದೆ. ಬೆರಳಿನ ಕೆಳಗೆ ಏನೋ ಉಬ್ಬಿದಂತಾಗಿ, ಚರ್ಮವನ್ನು ಎತ್ತಿ, ಫುಸ್ ಎಂದು ಪಕ್ಕಕ್ಕೆ ಜಾರುತ್ತದೆ. ಹೊಸ ಎಣ್ಣೆಯ ವಾಸನೆ ಮೂಗಿಗೆ ಬರುತ್ತದೆ. "ಬಂತು!" ಎಂದು ಕೂಗುತ್ತೀರಿ, ಬೇಕಾದ್ದಕ್ಕಿಂತ ಜೋರಾಗಿ.

ಅಜ್ಜ ಗೋಡೆಗೊರಗಿ ನಿಂತು ನೋಡುತ್ತಿದ್ದಾರೆ. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಗನ ಮನೆಗೆ ಬಂದು ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದಾರೆ. ಜೀವನವಿಡೀ ಡೀಸೆಲ್ ನೋಡಿದವರಿಗೆ ಪೆಟ್ರೋಲ್ ಎಂಜಿನ್ ಮೇಲೆ ಅಷ್ಟು ನಂಬಿಕೆಯಿಲ್ಲ. "ಪ್ಲಗ್ಗು, ಪಾಯಿಂಟು, ಡೆಲ್ಕೋ... ಎಷ್ಟ ನಾಜೂಕ ಇದರದು," ಎಂದು ಗೊಣಗುತ್ತಾರೆ.

ಮುಂದಿನದು ಎಣ್ಣೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅಜ್ಜನ ಬಾಯಲ್ಲಿ ಡೆಲ್ಕೋ, ಇಳಿಯಬೇಕಾದ ತೂತಿನೊಳಗೆ ದೊಡ್ಡಪ್ಪ ಉದ್ದನೆಯ ಸರಳು ಬಿಟ್ಟು, ಮೇಲ್ತುದಿಗೆ ಡ್ರಿಲ್ ಸಿಕ್ಕಿಸಿ ನಿಮ್ಮ ಕೈಗೆ ಕೊಡುತ್ತಾರೆ. ಎಂಜಿನ್ ಓಡುವ ಮೊದಲೇ ಪಂಪನ್ನು ಹೀಗೆ ತಿರುಗಿಸಿ ಒಳಗೆಲ್ಲ ಎಣ್ಣೆ ತುಂಬಬೇಕು. ಷೆವ್ರೊಲೆ ಆಗಿದ್ದರೆ ಡ್ರಿಲ್ ನೇರ ತಿರುಗಬೇಕಿತ್ತು. ಇದು ಪಾಂಟಿಯಾಕ್, ಹಿಮ್ಮುಖ ತಿರುಗಬೇಕು. ಗುಂಡಿ ಒತ್ತುತ್ತೀರಿ. ಕೆಲವು ಕ್ಷಣ ಸರಳು ಹಗುರವಾಗಿ ತಿರುಗುತ್ತದೆ. ಆಮೇಲೆ ಪಂಪು ಎಣ್ಣೆಯನ್ನು ಕಚ್ಚಿಕೊಂಡದ್ದೇ ಡ್ರಿಲ್ ಭಾರವಾಗಿ ನಿಮ್ಮ ಮಣಿಕಟ್ಟನ್ನೇ ಹಿಂಡಿ ತಿರುವುತ್ತದೆ. ಎಣ್ಣೆ ಒತ್ತಡದ ಮೀಟರಿನ ಮುಳ್ಳು ನಡುಗುತ್ತ ಅರವತ್ತರ ಹತ್ತಿರಕ್ಕೆ ಏರುತ್ತದೆ. ದೊಡ್ಡಪ್ಪನ ಉಸಿರು ಸಡಿಲವಾದದ್ದು ನಿಮಗೂ ಕೇಳುತ್ತದೆ. ಸರಳು ಹೊರಗೆ ಬರುತ್ತದೆ, ಡಿಸ್ಟ್ರಿಬ್ಯೂಟರ್ ಒಳಗೆ ಇಳಿಯುತ್ತದೆ. ಹಲ್ಲುಗಳು ಓರೆಯಾಗಿರುವುದರಿಂದ ಇಳಿಯುತ್ತಲೇ ರೋಟರ್ ತುಸು ಸುತ್ತಿಕೊಳ್ಳುತ್ತದೆ. ಅಷ್ಟನ್ನು ಮೊದಲೇ ಲೆಕ್ಕ ಹಾಕಿ ಹಿಂದಕ್ಕಿಟ್ಟಿರಬೇಕು.

"ಹೋಗು, ಕೂಡು," ಎನ್ನುತ್ತಾರೆ ದೊಡ್ಡಪ್ಪ.

ಕೂರಲು ಸೀಟಿಲ್ಲ, ಹಾಲಿನ ಕ್ರೇಟನ್ನು ಬೋರಲು ಹಾಕಿದ್ದಾರೆ. ಬೂಟಿನ ಕೆಳಗೆ ಗಂಟುಗಂಟಾಗಿ ತಾಕುವುದು ಅಕ್ಕ ಹಾಕಿದ ವೆಲ್ಡಿಂಗ್. ಈ ಕಾರು ಸಿಕ್ಕಾಗ ಇಲ್ಲಿ ನೆಲವೇ ಇರಲಿಲ್ಲ. ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದರೆ ಸಾಕು, ತಗಡು ಹಪ್ಪಳದಂತೆ ಮುರಿದು ಕೆಳಗಿನ ಸಿಮೆಂಟು ಕಾಣುತ್ತಿತ್ತು. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಒಂದು ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಲ್ಲಿಂದಲೂ ಬರುತ್ತದೆ. ಕಾರು ಹುಟ್ಟಿದ ನಾಡಿನ ನೆಲದೊಳಗಿನ ಉಪ್ಪೇ ಕಾರನ್ನು ತಿಂದಿದೆ. ನೆಲ, ಡಿಕ್ಕಿ, ಹಿಂಬದಿ ಗಾಜಿನ ಕೆಳಅಂಚು, ಚಕ್ರದ ಕಮಾನು, ನೀರು ನಿಲ್ಲುವ ಜಾಗ ಯಾವುದನ್ನೂ ಬಿಟ್ಟಿಲ್ಲ. ದೊಡ್ಡವ್ವ ಮಾಸ್ಕ್ ಕಟ್ಟಿಕೊಂಡು ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕಿದರು. ಆ ಕೆಂಪು ಪುಡಿ ತಲೆಗೂದಲಿಗೂ ಅಡುಗೆಮನೆ ಟವೆಲ್ಲಿಗೂ ಹತ್ತಿತು. ಬಿಚ್ಚಿದ ಬೋಲ್ಟುಗಳನ್ನು ಖಾಲಿ ಮೊಸರಿನ ಡಬ್ಬಿಗಳಲ್ಲಿ ತುಂಬಿ, "ಬಲಗಡೆ ಬಾಗಿಲ ಮ್ಯಾಲಿನ ಕೀಲು" ಎಂದು ಕನ್ನಡದಲ್ಲಿ ಚೀಟಿ ಅಂಟಿಸಿದ್ದೂ ಅವರೇ. ಅಕ್ಕ ಹೊಸ ತಗಡನ್ನು ಒಂದೇ ಗೆರೆಯಲ್ಲಿ ಬೆಸೆಯದೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕುತ್ತ ಹೋದಳು. ಒಂದೇ ಕಡೆ ಬಿಸಿಯಾದರೆ ತಗಡು ಸೊಟ್ಟಗಾಗುತ್ತದೆ. ಪುಟ್ಟಿ ಬಳಿದು ಮುಚ್ಚಿಬಿಡುವುದು ಸುಲಭವಿತ್ತು. ಹಾಗೆ ಮುಚ್ಚಿದ ಕಾರುಗಳೇ ಹೊಳೆಯುತ್ತ ಮಾರಾಟಕ್ಕೆ ನಿಂತಿರುತ್ತವೆ, ನನಗಂತೂ ಅವನ್ನು ಕಂಡರೆ ಆಗುವುದಿಲ್ಲ.

ಈಗ ಕೀಲಿ ನಿಮ್ಮ ಬೆರಳುಗಳ ನಡುವೆ ಇದೆ.

ದೊಡ್ಡಪ್ಪ ಕಿಟಕಿಗೆ ಬಾಗಿ ಕೊನೆಯ ಮಾತು ಹೇಳುತ್ತಾರೆ. ಹೊತ್ತಿದ ಕೂಡಲೇ ಎರಡು ಸಾವಿರ ಸುತ್ತು. ಇಪ್ಪತ್ತು ನಿಮಿಷ. ಅದಕ್ಕಿಂತ ಕೆಳಗೆ ಇಳಿಸಬಾರದು. ಹೊಸ ಕ್ಯಾಮ್‌ಶಾಫ್ಟಿನ ಮೇಲೆ ಹದಿನಾರು ಹೊಸ ಟ್ಯಾಪೆಟ್‌ಗಳು ಕೂತಿವೆ. ಅವುಗಳ ಅಡಿ ಸಪಾಟಾಗಿ ಕಂಡರೂ ಕೂದಲೆಳೆಯಷ್ಟು ಉಬ್ಬಿದೆ, ಕ್ಯಾಮಿನ ಮೈ ಕೂದಲೆಳೆಯಷ್ಟು ಇಳಿಜಾರಾಗಿದೆ. ಹಾಗಾಗಿ ಟ್ಯಾಪೆಟ್ ಮೇಲೆ ಕೆಳಗೆ ಹೋಗುತ್ತಲೇ ತನ್ನಷ್ಟಕ್ಕೆ ತಿರುಗಬೇಕು. ತಿರುಗದೆ ನಿಂತರೆ ಒಂದೇ ಚುಕ್ಕೆಯ ಮೇಲೆ ಸ್ಪ್ರಿಂಗಿನ ಭಾರವೆಲ್ಲ ಬಿದ್ದು ಕ್ಯಾಮ್ ಸವೆದು, ಕಬ್ಬಿಣದ ಪುಡಿ ಎಣ್ಣೆಯ ಜೊತೆ ಬೇರಿಂಗಿಗೆಲ್ಲ ಹೋಗುತ್ತದೆ. ಕ್ಯಾಮಿಗೆ ಟ್ಯಾಪೆಟ್ ತಾಗುವ ಜಾಗಕ್ಕೆ ಎಣ್ಣೆ ತಲುಪುವುದು ಮುಖ್ಯವಾಗಿ ಕ್ರ್ಯಾಂಕ್ ರಭಸದಿಂದ ಎರಚಿದಾಗ. ಎಂಜಿನ್ ಮೆಲ್ಲಗೆ ಓಡಿದರೆ ಎರಚಲು ಸಾಲದು.

"ಎಣ್ಣಿ ಪ್ರೆಶರ್ ಬಿದ್ದರ ಕೀಲಿ ತಿರುವು, ಯಾರನ್ನೂ ಕೇಳಬ್ಯಾಡ. ನೀರಿನ ಮುಳ್ಳು 230 ಫ್ಯಾರನ್‌ಹೀಟ್ ದಾಟಿದರೂ ಅಷ್ಟ. ಉಳಿದದ್ದಕ್ಕೆಲ್ಲ ನಾವದೀವಿ."

ದೊಡ್ಡವ್ವ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಇನ್ನೊಂದು ಕೈಯಲ್ಲಿ ಫೋನಿನ ಗಡಿಯಾರ. ಅಕ್ಕ ಟಾರ್ಚ್ ಹಿಡಿದು ಕಾರಿನ ಪಕ್ಕ ನೆಲಕ್ಕೆ ಮಲಗಿದ್ದಾಳೆ. ರೇಡಿಯೇಟರ್ ಮುಂದೆ ಮನೆಯ ಫ್ಯಾನ್ ಗಿರ್ರೆನ್ನುತ್ತಿದೆ.

"ಸೆಲ್ಫ್ ಹೊಡಿ," ಎನ್ನುತ್ತಾರೆ ಅಜ್ಜ.

ತಿರುವುತ್ತೀರಿ. ಒಂದು ನರಳಾಟ, ಇನ್ನೊಂದು. ಎಂಜಿನ್ ಒಮ್ಮೆ ಕೆಮ್ಮುತ್ತದೆ. ಆಮೇಲೆ ಸಿಡಿಲು. ಸೈಲೆನ್ಸರ್ ಇನ್ನೂ ಹಾಕಿಲ್ಲ, 6.6 ಲೀಟರಿನ ಎಂಟು ಸಿಲಿಂಡರ್ ಒಟ್ಟಿಗೆ ಬಾಯಿ ಬಿಟ್ಟಾಗ ಸದ್ದು ಕಿವಿಗಲ್ಲ, ಮೊದಲು ಪಕ್ಕೆಲುಬಿಗೆ ತಗಲುತ್ತದೆ. ಕ್ರೇಟ್ ನಡುಗುತ್ತದೆ, ಹಲ್ಲು ನಡುಗುತ್ತದೆ. ಕಾಲು ಒತ್ತುತ್ತೀರಿ. ಮುಳ್ಳು ಮೂರು ಸಾವಿರಕ್ಕೆ ಹಾರುತ್ತದೆ, ಹಿಂದೆ ತರುತ್ತೀರಿ, ಸಾವಿರದ ಐನೂರಕ್ಕೆ ಬೀಳುತ್ತದೆ, ಮತ್ತೆ ಒತ್ತುತ್ತೀರಿ. ಎರಡು ಸಾವಿರ. ಎಣ್ಣೆಯ ಮುಳ್ಳು ಎದ್ದು ನಿಂತಿದೆ.

ಬಿಳಿ ಹೊಗೆ ಕವಿಯುತ್ತದೆ, ಕಣ್ಣು ಉರಿಯುತ್ತದೆ. ಹೆದರಬೇಡಿ, ಹೊಸ ಬಣ್ಣ ಸುಡುತ್ತಿದೆ, ಜೋಡಿಸುವಾಗ ಮೆತ್ತಿದ ಎಣ್ಣೆ ಸುಡುತ್ತಿದೆ. ಹೆದರಬೇಕಾದದ್ದು ಕಾಣದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡಿಗೆ. ಚಳಿಯಾದರೂ ಬಾಗಿಲು ತೆರೆದಿರುವುದು ಅದಕ್ಕೇ.

ಅಜ್ಜ ಕಾರಿನ ಹತ್ತಿರ ಬಂದಿದ್ದಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಒಂದೊಂದೇ ಟ್ಯಾಪೆಟ್ಟಿನ ಬಳಿ ಸರಿಯುತ್ತಾರೆ. ಅವರ ಮುಖದಲ್ಲಿ ಏನಾದರೂ ಕಾಣುತ್ತದೆಯೇ ಎಂದು ನೀವು ಹುಡುಕುತ್ತೀರಿ. ಏನೂ ಕಾಣುವುದಿಲ್ಲ.

"ಆರು ನಿಮಿಷ!" ದೊಡ್ಡವ್ವ ಕೂಗುತ್ತಾರೆ.

ಆಗ ಅಕ್ಕನ ದನಿ, ಕೆಳಗಿಂದ. "ಅಪ್ಪಾ, ಪೈಪ್ ಕೆಂಪಾಗ್ತಿದೆ!"

ದೊಡ್ಡಪ್ಪ ಬಾಗಿ ನೋಡುತ್ತಾರೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವರಿಗೇನೂ ಕಾಣುವುದಿಲ್ಲ. ನಿಮ್ಮ ಕಣ್ಣು ನೀರಿನ ಮುಳ್ಳಿಗೆ ಹೋಗುತ್ತದೆ. 210. ಈಗಷ್ಟೇ 190 ಇತ್ತಲ್ಲ?

"ಲೈಟ್ ಆರಸ್ರಿ!" ಅಜ್ಜ.

ಕತ್ತಲೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಡದ ಬಣ್ಣಕ್ಕೆ ತಿರುಗಿದೆ. ಅದೇ ಹೊತ್ತಿಗೆ ಸಿಹಿ ವಾಸನೆಯೊಂದು ಬರುತ್ತದೆ, ಮೂಗಿಗೆ ಅಂಟುವಂಥದ್ದು. ಕೂಲಂಟ್. ಎಲ್ಲೋ ಪೈಪು ಸೋರಿ ಬಿಸಿ ಕಬ್ಬಿಣದ ಮೇಲೆ ಬೀಳುತ್ತಿದೆ. 215. ನಿಮ್ಮ ಕೈ ಕೀಲಿಯ ಮೇಲಿದೆ. ತಿರುವಿದರೆ ಎಲ್ಲ ನಿಲ್ಲುತ್ತದೆ. ಮತ್ತೆ ಹೊತ್ತಿಸುವಾಗ ಸ್ಟಾರ್ಟರಿನ ಮಂದ ಸುತ್ತುಗಳಲ್ಲಿ ಕ್ಯಾಮಿಗೆ ಹಚ್ಚಿದ ಲೇಪ ಒರೆಸಿಹೋಗಬಹುದು. ತಿರುವದಿದ್ದರೆ ನೀರು ಕುದಿಯಬಹುದು. 218.

"ಕಾಲ ತಗೀಬ್ಯಾಡ!" ಅಜ್ಜನ ಕೂಗು ಎಂಜಿನ್ನನ್ನೂ ದಾಟುತ್ತದೆ. "ಕಿಡಿ ತಡಾ ಆಗಾಕತ್ತೈತಿ! ಡೆಲ್ಕೋ ತಿರುವು!"

ಕಿಡಿ ತಡವಾದರೆ ಪೆಟ್ರೋಲು ಸಿಲಿಂಡರಿನಲ್ಲಿ ಉರಿದು ಮುಗಿಯದೆ, ಉರಿಯುತ್ತಲೇ ಹೊರಗೆ ಬರುತ್ತದೆ. ಕಬ್ಬಿಣ ಕೆಂಪಾಗುವುದು ಅದಕ್ಕೆ. ದೊಡ್ಡಪ್ಪ ಕೈಗವಸಿನಲ್ಲಿ ಡಿಸ್ಟ್ರಿಬ್ಯೂಟರಿನ ಕುತ್ತಿಗೆ ಹಿಡಿದು ಬಲಕ್ಕೆ ತಿರುಗಿಸುತ್ತಾರೆ. ಒಂದು ಕಡ್ಡಿಯಗಲ. ಸದ್ದು ಬಿಗಿಯಾಗುತ್ತದೆ. ಇನ್ನೊಂದು ಕಡ್ಡಿಯಗಲ. ಸುತ್ತಿನ ಮುಳ್ಳು 2,600ಕ್ಕೆ ಏರುತ್ತದೆ, ಕಾಲು ಸಡಿಲಿಸಬೇಕು, ಎಷ್ಟು? ಹೆಚ್ಚಾದರೆ ಬೀಳುತ್ತದೆ. ಹೆಬ್ಬೆರಳಿನ ಬುಡವನ್ನಷ್ಟೇ ಎತ್ತುತ್ತೀರಿ. 2,300. 2,100. ಅಕ್ಕ ಎದ್ದು ಸೋರುವ ಹೋಸಿನ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಹಾಕಿ ಬಿಗಿಯುತ್ತಾಳೆ, ಆವಿಗೆ ಮುಖ ತಿರುಗಿಸುತ್ತಾಳೆ, ಮತ್ತೆ ಬಿಗಿಯುತ್ತಾಳೆ. 220. 220. ನೀರಿನ ಮುಳ್ಳು ನಿಂತಿದೆ.

218.

ಕತ್ತಲಲ್ಲಿ ಕೆಂಪು ಮಸುಕಾಗುತ್ತ ಹೋಗುತ್ತದೆ. ದೊಡ್ಡವ್ವ ಇಷ್ಟರಲ್ಲಿ ನಿಮಿಷ ಹೇಳುವುದನ್ನೇ ಮರೆತಿದ್ದಾರೆ.

ಈಗ ಉಳಿದದ್ದು ಬೇಸರ ಮತ್ತು ಮೀನಖಂಡದ ನೋವು. ಹೇಗೂ ಕಾಲು ಎತ್ತುವಂತಿಲ್ಲ, ಈ ಕಾರು ಯಾವುದೆಂದು ಕೇಳಿಕೊಳ್ಳಿ. 1967ರ ಜಿಟಿಓ. ನಡುಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದೆಂದು ಜನರಲ್ ಮೋಟರ್ಸ್ ನಿಯಮ ಮಾಡಿತ್ತು. ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರ್ ಆಗಿದ್ದ ಪಾಂಟಿಯಾಕ್ ವಿಭಾಗ 1964ರಲ್ಲಿ, ಇದು ಹೊಸ ಕಾರಲ್ಲ, ಹಳೆಯ ಟೆಂಪೆಸ್ಟಿಗೆ ಹೆಚ್ಚುವರಿ ಸಾಮಾನು ಅಷ್ಟೇ ಎಂಬ ನೆಪದಲ್ಲಿ 389 ಘನ ಇಂಚಿನದನ್ನು ತುರುಕಿತು. ಜನ ಮುಗಿಬಿದ್ದರು. ಮಸಲ್ ಕಾರುಗಳ ಸಾಲು ಅಲ್ಲಿಂದ ಶುರುವಾಯಿತೆಂದು ಬಹಳ ಮಂದಿ ಎಣಿಸುತ್ತಾರೆ. 1967ಕ್ಕೆ ಎಂಜಿನ್ 400 ಘನ ಇಂಚಾಯಿತು, ಅದರ ಸಾಮಾನ್ಯ ಮಾದರಿಗೇ 335 ಅಶ್ವಶಕ್ತಿ. ವಿಮೆಯ ದರ, ಹೊಗೆಯ ಕಾಯಿದೆ, 1973ರ ತೈಲ ಬಿಕ್ಕಟ್ಟು ಸೇರಿ ಆ ಆಟ ಮುಗಿಸಿದವು. ಪಾಂಟಿಯಾಕ್ ಹೆಸರೂ 2010ಕ್ಕೆ ಕೊನೆಗೊಂಡಿತು. ಅದೇ ಹೆಸರಿನ ಊರು ಮಾತ್ರ ಡೆಟ್ರಾಯಿಟ್‌ನಿಂದ ಹೊರಡುವ ವುಡ್‌ವರ್ಡ್ ರಸ್ತೆಯ ಆ ತುದಿಯಲ್ಲಿದೆ.

"ಇಪ್ಪತ್ತು!"

ಕೀಲಿ ತಿರುವುತ್ತೀರಿ. ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಇಳಿಯಲು ಹೋದರೆ ಬಲಗಾಲು ನಿಮ್ಮ ಮಾತು ಕೇಳುವುದಿಲ್ಲ, ಬಾಗಿಲು ಹಿಡಿದು ನಿಲ್ಲುತ್ತೀರಿ. ಅಜ್ಜ ಸ್ಕ್ರೂಡ್ರೈವರನ್ನು ಪ್ಯಾಂಟಿಗೆ ಒರೆಸುತ್ತ, "ಆವಾಜ್ ಛಲೋ ಐತಿ," ಎನ್ನುತ್ತಾರೆ. ಅವರಿಂದ ಅಷ್ಟು ಬಂದರೆ ಬಹಳ.

ಎಣ್ಣೆ ಬಿಸಿಯಿರುವಾಗಲೇ ಇಳಿಸಬೇಕು. ಅದು ಮಾಮೂಲಿ ಎಣ್ಣೆಯಲ್ಲ, ಝಿಂಕ್ ಹೆಚ್ಚಿರುವುದು. ಈಗಿನ ಎಣ್ಣೆಗಳಲ್ಲಿ ಕೆಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಝಿಂಕ್ ಕಡಿಮೆ ಮಾಡಿದ್ದಾರೆ. ಹಳೆಯ ಬಗೆಯ ಕ್ಯಾಮಿಗೆ ಅದು ಸಾಲದು. ದೊಡ್ಡಪ್ಪ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಮೇಜಿನ ಮೇಲೆ ಹರಡಿ ಅಯಸ್ಕಾಂತ ಆಡಿಸುತ್ತಾರೆ. ಐದು ತಲೆಗಳು ಒಂದೇ ದೀಪದ ಕೆಳಗೆ ಬಾಗುತ್ತವೆ. ಬೂದು ಬಣ್ಣದ ಮೆತ್ತನೆ ಲೇಪ ಇದೆ, ಅದು ಇರಬೇಕಾದ್ದೇ. ಹೊಳೆಯುವ ಚೂರು ಒಂದೂ ಇಲ್ಲ. ಕ್ಯಾಮ್ ಉಳಿದಿದೆ.

"ವುಡ್‌ವರ್ಡ್‌ಗೆ ಒಂದು ರೌಂಡ್ ಹೋಗೋಣ?" ಅಕ್ಕ ಆಗಲೇ ಕೇಳುತ್ತಿದ್ದಾಳೆ. ಹೋಗುವಂತಿಲ್ಲ. ನಾಲ್ಕೂ ಚಕ್ರದ ಬ್ರೇಕ್ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ, ಹೊಸವು ಇನ್ನೂ ಬಂದಿಲ್ಲ.