ಆ ಒಂದು ಎಲ್ಲಿಂದ ಬಂತು?

ಅಕ್ಕನ ಮಗ ಹತ್ತನೇ ಕ್ಲಾಸು. ಸಮಾಂತರ ಶ್ರೇಢಿಯ ಲೆಕ್ಕ: 7, 13, 19 ಎಂದು ಹೊರಟು 205ಕ್ಕೆ ಮುಗಿಯುವ ಶ್ರೇಢಿಯಲ್ಲಿ ಎಷ್ಟು ಪದಗಳಿವೆ? ಪುಟದ ಫೋಟೊ ಹೊಡೆದು ಎಐ ಆ್ಯಪ್‌ಗೆ ಕೊಟ್ಟ. ಸೂತ್ರ, ಹಂತ, ಉತ್ತರ ಎಲ್ಲ ಬಂತು: 34. ನೋಟ್‌ಬುಕ್ಕಿಗೆ ಅಚ್ಚುಕಟ್ಟಾಗಿ ಇಳಿಸಿದ. "205ರಲ್ಲಿ 7 ಕಳೆದರೆ 198. ಆರರಿಂದ ಭಾಗಿಸಿದರೆ 33. ಮತ್ತೆ ಒಂದು ಯಾಕೆ ಕೂಡಿಸಿದೆ?" ಎಂದೆ. "ಸೂತ್ರದಲ್ಲಿ ಹಾಗೇ ಇದೆ ಮಾಮ."

ಅದೇ ಆ್ಯಪ್‌ಗೆ 'ಉತ್ತರ ಹೇಳಬೇಡ, ಪ್ರಶ್ನೆ ಕೇಳಿ ಕಲಿಸು' ಎಂದು ಬರೆಸಿದೆ. ಅದು ಕೇಳಿತು: 7ರಿಂದ 19ಕ್ಕೆ ಹೋಗಲು ಆರನ್ನು ಎಷ್ಟು ಸಲ ಕೂಡಿಸಿದೆ? ಹುಡುಗ ಬೆರಳು ಮಡಿಸಿದ. ಎರಡು ಸಲ. ಪದಗಳು ಎಷ್ಟು? ಮೂರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ಮೊದಲನೇ ಏಳು ಲೆಕ್ಕಕ್ಕೇ ಬಂದಿರಲಿಲ್ಲ!" ಎಂದ. ಮುಖ ಅರಳಿತ್ತು. ಮುಂದಿನ ಲೆಕ್ಕಕ್ಕೆ ಮಾತ್ರ ಮತ್ತೆ ಫೋಟೊ, ಮತ್ತೆ ನೇರ ಉತ್ತರ. ಆ ಖುಷಿ ಕಂಡ ಮೇಲೂ ಯಾಕೆ ಹೀಗೆ?

—

2025ರ ಜುಲೈನಲ್ಲಿ ಚಾಟ್‌ಜಿಪಿಟಿಗೆ 'ಸ್ಟಡಿ ಮೋಡ್' ಬಂತು, ಮರುತಿಂಗಳೇ ಜೆಮಿನಿಗೆ 'ಗೈಡೆಡ್ ಲರ್ನಿಂಗ್'. ಎರಡೂ ಉತ್ತರವನ್ನು ಕೈಗಿಡದೆ ಹೆಜ್ಜೆಹೆಜ್ಜೆಯಾಗಿ ನಡೆಸುತ್ತವೆ. ಒಳ್ಳೆಯ ಕೆಲಸ. ಆದರೆ ಬೇಡವೆನಿಸಿದಾಗ ಆಫ್ ಮಾಡಬಹುದು, ಆ ಸ್ವಿಚ್ ಇರುವುದು ರಾತ್ರಿ ಹತ್ತಕ್ಕೆ ಹೋಂವರ್ಕ್ ಮುಗಿಸಿ ಮಲಗಬೇಕಾದ ಮಗುವಿನ ಕೈಯಲ್ಲಿ.

—

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1000 ಮಕ್ಕಳ ಮೇಲೆ ನಡೆದ ಗಣಿತದ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಮಾಮೂಲಿ ಚಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದೆ. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಂದೂ ಎಐ ಮುಟ್ಟದವರಿಗಿಂತ ಶೇ. 17ರಷ್ಟು ಹಿಂದೆ. ಸುಳಿವು ಮಾತ್ರ ಕೊಡುವ ಚಾಟ್ ಬಳಸಿದವರು ಅಭ್ಯಾಸದಲ್ಲಿ ಶೇ. 127ರಷ್ಟು ಮುಂದಿದ್ದರು, ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. ಮುಂದೆಯೂ ಹೋಗಲಿಲ್ಲ! ನನ್ನನ್ನು ಕಾಡುವುದು ಈ ಕೊನೆಯದೇ. ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದು ಪರೀಕ್ಷೆಯ ಹೊತ್ತಿಗೆ ಎಲ್ಲಿ ಹೋಯಿತು?

—

ಪರಿಚಯದ ಗಣಿತ ಮೇಷ್ಟ್ರೊಬ್ಬರು ಈಗ ಹೋಂವರ್ಕಿಗೆ ಅಂಕ ಕೊಡುತ್ತಿಲ್ಲ. ಯಾರನ್ನಾದರೂ ಬೋರ್ಡಿಗೆ ಕರೆದು ಒಂದು ಸಂಖ್ಯೆ ಬದಲಿಸುತ್ತಾರೆ: "ಕೊನೆಯ ಪದ 206 ಆದರೆ?" ಇಳಿಸಿಕೊಂಡು ಬಂದವರು ಭಾಗಿಸುತ್ತಾ ಭಿನ್ನರಾಶಿಯಲ್ಲಿ ಸಿಕ್ಕಿಬೀಳುತ್ತಾರೆ. ತಿಳಿದವರು, "ಸಾರ್, 206 ಈ ಶ್ರೇಢಿಯಲ್ಲಿ ಬರೋದೇ ಇಲ್ಲ" ಅನ್ನುತ್ತಾರೆ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ದಿನಕ್ಕೆ ಎಷ್ಟು ಜನರನ್ನು ಕರೆಯಲಾದೀತು ಎಂಬುದೇ ಅವರ ಸಂಕಟ.

—

ತಮ್ಮನ ಮಗಳು ಒಂಬತ್ತನೇ ಕ್ಲಾಸು, ಛಂದಸ್ಸು ಓದುತ್ತಿದ್ದಳು. 'ಕನ್ನಡ' ಪದಕ್ಕೆ ಎಷ್ಟು ಮಾತ್ರೆ ಎಂದು ಕೇಳಿದರೆ ಆ್ಯಪ್ ಮೂರು ಎಂದಿತು, ಅಕ್ಷರಗಳೆಲ್ಲ ಹ್ರಸ್ವ ಎಂಬ ಕಾರಣವನ್ನೂ ಕೊಟ್ಟಿತು. "ಒತ್ತಕ್ಷರದ ಹಿಂದಿನದು ಗುರು ಅಲ್ವಾ ದೊಡ್ಡಪ್ಪ? 'ಕ'ಗೆ ಎರಡು, ಒಟ್ಟು ನಾಲ್ಕು" ಎಂದಳು ಇವಳು. ನನಗೆ ಹೆಮ್ಮೆಯಾಯಿತು. ಈ ಯಂತ್ರಗಳು ಪಠ್ಯವನ್ನು ನಮ್ಮ ಹಾಗೆ ಅಕ್ಷರ ಅಕ್ಷರವಾಗಿ ಓದುವುದಿಲ್ಲ, ತಮ್ಮದೇ ತುಣುಕುಗಳಾಗಿ ಒಡೆದುಕೊಳ್ಳುತ್ತವೆ. ಹಾಗಾಗಿ ಎಣಿಕೆಯಲ್ಲಿ ಎಡವುವುದುಂಟು.

ತಪ್ಪು ತೋರಿಸಿದ ಕೂಡಲೇ ಅದು ಕ್ಷಮೆ ಕೇಳಿ ನಾಲ್ಕು ಎಂದು ಒಪ್ಪಿಕೊಂಡಿತು. ಪರೀಕ್ಷಿಸೋಣವೆಂದು, "ಇಲ್ಲ, ಮೂರೇ ಸರಿ" ಎಂದು ಬರೆಯಲು ಹೇಳಿದೆ. ಅದಕ್ಕೂ ಒಪ್ಪಿತು, ಅಷ್ಟೇ ವಿನಯದಿಂದ. ಇವಳಿಗೇನೋ ನಿಯಮ ಗೊತ್ತಿತ್ತು. ಮನೆಯಲ್ಲಿ ಲಘು-ಗುರು ಬಲ್ಲವರು ಯಾರೂ ಇಲ್ಲದ, ಈ ಆ್ಯಪ್ ಒಂದನ್ನೇ ನೆಚ್ಚಿಕೊಂಡ ಮಗು ಇದನ್ನು ಯಾರ ಹತ್ತಿರ ತಾಳೆ ನೋಡಬೇಕು?