ಮೂಳೆ ಕೂರಿಸಿದ ದಿನ

ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಪಾನಕದ ಎತ್ತಿನ ಗಾಡಿ ಕಟ್ಟುವುದೆಂದರೆ ನಮ್ಮ ಸೀಮೆಯವರಿಗೆ ಹರಕೆಯೂ ಹೌದು, ಹಬ್ಬವೂ ಹೌದು. ಆ ವರ್ಷ ನಮ್ಮ ಗಾಡಿಯ ಚಕ್ರ ಕಲ್ಲು ಹತ್ತಿ ವಾಲಿತು. ನಾನು ಎಡಗೈ ಊರಿ ಬಿದ್ದೆ. ಎದ್ದು ನೋಡಿದರೆ ಮಣಿಕಟ್ಟಿನ ಮೇಲೆ ಕೈ ಸೊಟ್ಟಗಾಗಿತ್ತು.

ಚಿಕ್ಕಪ್ಪ ಬಾರುಕೋಲು ಮುರಿದು, ಎರಡೂ ಕಡೆ ಇಟ್ಟು ಟವೆಲಿನಲ್ಲಿ ಬಿಗಿದರು. 'ಪುತ್ತೂರು ಕಟ್ಟು ಹಾಕಿಸಿದ್ರೆ ಸಾಕು' ಎಂದರು ಯಾರೋ. ನನ್ನ ಬೆರಳುಗಳು ಜೋಮು ಹಿಡಿದಿದ್ದವು, ಚಿಕ್ಕಪ್ಪ ಒಪ್ಪಲಿಲ್ಲ. ಅಜ್ಜಂಪುರ, ತರೀಕೆರೆ ದಾಟಿ ಶಿವಮೊಗ್ಗದವರೆಗೆ ಕಾರಿನಲ್ಲಿ ಹೋದ ಆ ದಾರಿಯನ್ನು ನಾನು ಮರೆಯಲಾರೆ. ಹಂಪ್ ಬಂದಾಗಲೆಲ್ಲ ಒಳಗೆ ಮೂಳೆಗೆ ಮೂಳೆ ಉಜ್ಜುತ್ತಿತ್ತು. ಬೆವರಿ ತೊಪ್ಪೆಯಾದೆ. 'ಬಂತು ಮಗಾ, ಇನ್ನೇನು ಬಂತು' ಎನ್ನುತ್ತಲೇ ಇದ್ದರು ಅವರು.

ಎಕ್ಸ್‌ರೇ ನೋಡಿದ ಡಾಕ್ಟರು, ಎಳೆದು ಕೂರಿಸಬೇಕು ಎಂದಾಗ ನನಗೆ ಅಳು ತಡೆಯಲಾಗಲಿಲ್ಲ. ನರ್ಸ್ ಒಬ್ಬರು ನೋವು ತಗ್ಗಿಸುವ ಅನಿಲದ ಸಿಲಿಂಡರ್ ತಳ್ಳಿಕೊಂಡು ಬಂದರು. ತಲೆಗೆ ಪೆಟ್ಟು ಬಿದ್ದಿದೆಯಾ, ಎದೆ ನೋವಿದೆಯಾ, ಉಸಿರು ಕಟ್ಟುತ್ತಾ ಎಂದು ಮೊದಲು ಕೇಳಿದರು. ಶ್ವಾಸಕೋಶಕ್ಕೆ ಏಟಾಗಿ ಎದೆಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಈ ಅನಿಲ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ. ಅಂಥವರಿಗೆ ಇದನ್ನು ಕೊಡುವಂತಿಲ್ಲ. ಸಿಲಿಂಡರಿನಲ್ಲಿದ್ದದ್ದು ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಎಂಟೊನಾಕ್ಸ್ ಎನ್ನುತ್ತಾರೆ.

'ಮಾಸ್ಕ್ ನಿಮ್ಮ ಕೈಯಲ್ಲೇ ಇರಲಿ, ನಾವು ಹಿಡಿಯೋದಿಲ್ಲ' ಎಂದರು. ಅತಿಯಾಗಿ ಮಂಪರು ಬಂದರೆ ಕೈ ತಾನೇ ಜಾರಿ ಅನಿಲ ನಿಲ್ಲಲಿ ಎಂಬುದೇ ಅದರ ಉದ್ದೇಶ. ಉಸಿರೆಳೆದಾಗ ಮಾತ್ರ ಕವಾಟ ತೆರೆಯುತ್ತಿತ್ತು. ತುಸು ಸಿಹಿ ವಾಸನೆ. ಒಂದು ನಿಮಿಷದೊಳಗೆ ತುಟಿ ಜುಮುಗುಟ್ಟಿತು, ಕೋಣೆಯ ಮಾತು ದೂರ ಸರಿಯಿತು. ಒಬ್ಬರು ಮೊಣಕೈ ಹಿಡಿದರು, ಡಾಕ್ಟರು ಅಂಗೈ ಹಿಡಿದು ಎಳೆದರು. ಕಟಕ್ ಎಂದದ್ದು ಕೇಳಿಸಿತು. ನೋವು ಇರಲಿಲ್ಲ ಎಂದು ಹೇಳಲಾರೆ. ಇತ್ತು, ಆದರೆ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಜಗಳದ ಹಾಗೆ ಇತ್ತು. ಮಾಸ್ಕ್ ತೆಗೆದ ಕೆಲವೇ ನಿಮಿಷಗಳಲ್ಲಿ ಮಂಪರೆಲ್ಲ ಇಳಿದು, ಚಿಕ್ಕಪ್ಪನ ಹತ್ತಿರ ನೀರು ಕೇಳಿದೆ.

ಆಮೇಲೆ ಓದಿ ತಿಳಿದುಕೊಂಡೆ. ನೈಟ್ರಸ್ ಆಕ್ಸೈಡ್ ನೋವು ತಗ್ಗಿಸಬಲ್ಲದೆಂದು ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬರೆದದ್ದು 1800ರಲ್ಲಿ. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ಇದನ್ನು ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡ. ಇಂಗ್ಲೆಂಡಿನಲ್ಲಿ ಹೆರಿಗೆ ನೋವಿಗೂ ಇದೇ, ಆಂಬುಲೆನ್ಸಿನಲ್ಲೂ ಇದೇ. ಇಷ್ಟು ಹಳೆಯ ಮದ್ದು ನನಗೆ ಸಿಕ್ಕಿದ್ದು ದಾರಿಯ ಕೊನೆಯಲ್ಲಿ, ದೊಡ್ಡ ಊರಿನಲ್ಲಿ. ಬೇಕಾಗಿದ್ದು ದಾರಿಯುದ್ದಕ್ಕೂ.

ಎತ್ತು ಓಡುವ ಜಾತ್ರೆಯಲ್ಲಿ ಬೀಳುವವರು ಮುಂದೆಯೂ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ, ಜಾತ್ರೆಯ ಬಯಲಿನ ಆಂಬುಲೆನ್ಸಿನಲ್ಲಿ ಇಂಥದ್ದೊಂದು ಸಿಲಿಂಡರನ್ನೂ, ಅದನ್ನು ಕೊಡಲು ತರಬೇತಾದ ಒಬ್ಬರನ್ನೂ ಇಡಿ ಎಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.